ತಾಳಿಯ ಫೋಟೊದಲ್ಲಿ ಹಿಂದೆ ನಿಂತವರು

ನಾನು ನಿಂತಿದ್ದದ್ದು ಹರಿಹರದ ಹೊಳೆಯ ಕಡೆಗಿನ ಒಂದು ಕಲ್ಯಾಣ ಮಂಟಪದಲ್ಲಿ, ವೇದಿಕೆಯ ಬಲಗಡೆಯ ಮೆಟ್ಟಿಲ ಮೇಲೆ. ಹೋದ ವರ್ಷದ ಬೇಸಿಗೆ, ಬೆಳಗಿನ ಮುಹೂರ್ತ, ವರ ತಾಳಿಯನ್ನು ಎತ್ತಿ ಹಿಡಿದಿದ್ದ ಹೊತ್ತು. ಮದುಮಗಳ ಬೆನ್ನ ಹಿಂದೆ, ಸ್ವಲ್ಪ ದೂರದಲ್ಲಿ, ಹೆಣ್ಣಿನ ಕಡೆಯವರ ಕೋಣೆಯ ಬಾಗಿಲಿತ್ತು. ಆ ಬಾಗಿಲಲ್ಲಿ ಅವಳ ತಾಯಿ ನಿಂತಿದ್ದರು.

ತಾಯಿ ಕೊಕ್ಕನೂರಿನವರು, ವಿಧವೆ. ಮಗಳ ಮದುವೆಯ ವೇದಿಕೆ ಹತ್ತುವುದಿಲ್ಲ ಎಂದು ಅವರೇ ತೀರ್ಮಾನಿಸಿದ್ದರು. ಹತ್ತಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹತ್ತಿ ಎಂದೂ ಹೇಳಿರಲಿಲ್ಲ. ಬೆಳಿಗ್ಗೆ ನಾನು ಕ್ಯಾಮೆರಾ ಎತ್ತಿದಾಗ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದರು.

"ಬ್ಯಾಡಪ್ಪ, ಶುಭಕಾರ್ಯ ಐತೆ. ಇವತ್ತೊಂದಿನ ನನ್ನ ತೆಗೀಬ್ಯಾಡ."

ಆಮೇಲೆ ಮದುಮಗಳು ನನ್ನನ್ನು ಪಕ್ಕಕ್ಕೆ ಕರೆದಳು. "ಅಣ್ಣ, ಅವ್ವ ಮುಂದೆ ಬರಲ್ಲ. ತಾಳಿ ಕಟ್ಟೋವಾಗ ಹಿಂದೆ ಎಲ್ಲಾದ್ರೂ ನಿಂತಿರ್ತಾಳೆ. ಅದೊಂದು ಫೋಟೊದಾಗೆ ಅವಳೂ ಇರ್ಬೇಕು ನೋಡ್ರಿ."

ಆಗಲಿ ತಂಗಿ ಎಂದೆ.

ದಾವಣಗೆರೆಯಲ್ಲಿ ನನ್ನದೊಂದು ಸ್ಟುಡಿಯೊ. ಮೊದಲು ಎಲ್ಲ ಮದುವೆಗಳನ್ನೂ ಒಂದು ಸಾಧಾರಣ ಜೂಮ್ ಲೆನ್ಸಿನಲ್ಲೇ ತೆಗೆದಿದ್ದೆ. ಅದರಲ್ಲಿ ಮದುಮಕ್ಕಳ ಹಿಂದಿನ ಬೀಗರು, ಟೇಬಲ್ ಫ್ಯಾನು, ಗೋಡೆಯ ಸ್ವಿಚ್ಚು ಎಲ್ಲವೂ ಕಾಣುತ್ತಿದ್ದವು. ಈಗ ಬರುವವರು ಫೋನಿನಲ್ಲಿ ಬೇರೆ ಊರಿನ ಮದುವೆ ತೋರಿಸಿ, ಹಿಂದಿನದೆಲ್ಲ ಹೀಗೆ ಮಬ್ಬಾಗಬೇಕು ಎನ್ನುತ್ತಾರೆ. ಹಾಗಾಗಿ ಆ ಮದುವೆಗೆ ಸ್ವಲ್ಪ ಮುಂಚೆ ಒಂದು ದುಬಾರಿ ಲೆನ್ಸ್ ಕೊಂಡೆ. ಅದರಲ್ಲಿ ಜೂಮ್ ಇಲ್ಲ, ಬೆಳಕು ಬರುವ ಕಿಂಡಿ ಮಾತ್ರ ಬಹಳ ದೊಡ್ಡದು. ಪೂರ್ತಿ ತೆರೆದರೆ ಕಣ್ಣಿನ ರೆಪ್ಪೆಗೂದಲು ಸ್ಪಷ್ಟ, ಕಿವಿ ಆಗಲೇ ಮಸುಕು.

ಲೈಟ್ ಹಿಡಿಯುವ ನನ್ನ ಗೆಳೆಯ ಅಂದು ಕ್ಯಾಮೆರಾದ ಪರದೆ ನೋಡಿ ರೇಗಿಸಿದ. "ಏನ್ ಸಾಹೇಬ್ರೆ, ಬೀಗರನ್ನೆಲ್ಲ ಮಂಜಿನಾಗೆ ಕಳಿಸಿಬಿಟ್ರಿ? ಹೊಸ ಶರ್ಟ್ ಹಾಕ್ಕೊಂಡು ಬಂದಾರೆ ಪಾಪ!"

"ನೀ ಲೈಟ್ ಹಿಡಿ, ಸಾಕು."

ಕಿಂಡಿಯನ್ನು ಕಿರಿದು ಮಾಡಿದ್ದರೆ ಆ ಲೆನ್ಸಿನಲ್ಲೂ ಹಿಂದಿದ್ದವರ ಗುರುತು ಸಿಗುತ್ತಿತ್ತು. ಬೆರಳಿನಲ್ಲಿ ಒಂದು ಚಕ್ರ ತಿರುಗಿಸುವ ಕೆಲಸ. ಆದರೆ ಅಷ್ಟು ತೆರೆಯುತ್ತದೆ ಎಂದೇ ಅಷ್ಟು ಹಣ ಕೊಟ್ಟಿದ್ದೆ. ಕೊಂಡ ದಿನದಿಂದ ಕಿರಿದು ಮಾಡಲು ಮನಸ್ಸೇ ಬಂದಿರಲಿಲ್ಲ. ಹಳೆಯ ಜೂಮ್ ಕಾಲಬಳಿಯ ಬ್ಯಾಗಿನಲ್ಲಿತ್ತು.

ಬಲಗಣ್ಣನ್ನು ಕ್ಯಾಮೆರಾಕ್ಕೆ ಕೊಟ್ಟು ಎಡಗಣ್ಣನ್ನು ತೆರೆದೇ ಇಡುವುದು ನನ್ನ ರೂಢಿ. ಎಡಗಣ್ಣಿಗೆ ಕಂಡದ್ದನ್ನು ಹೇಳುತ್ತೇನೆ. ಗಟ್ಟಿಮೇಳ ಶುರುವಾಯಿತು. ತಾಯಿ ಸೆರಗನ್ನು ಮುಖದಿಂದ ಸರಿಸಿದರು. ಹೊಸ್ತಿಲು ದಾಟಲಿಲ್ಲ. ಬಲಗೈ ಎತ್ತಿ ಅಕ್ಷತೆ ಎಸೆದರು. ಅದು ಮಗಳವರೆಗೆ ಹೋಗಲಿಲ್ಲ, ವೇದಿಕೆಯ ಅಂಚಿನಲ್ಲೇ ಬಿತ್ತು. ಅವರು ನಗುತ್ತಿದ್ದರು. ಅತ್ತಿರಬಹುದು ಎಂದು ಆಮೇಲೆ ಕೆಲವರು ಅಂದರು, ಇಲ್ಲ, ನಗುತ್ತಿದ್ದರು. ತುಟಿ ಅಲುಗುತ್ತಿತ್ತು. ಏನೆಂದರೋ ವಾದ್ಯದ ಸದ್ದಿನಲ್ಲಿ ಕೇಳಲಿಲ್ಲ. ನಾನು ಬಟನ್ ಒತ್ತಿದೆ.

ಆಲ್ಬಮ್ಮಿಗೆ ಫೋಟೊ ಆರಿಸಲು ಮಗಳು ಸ್ಟುಡಿಯೊಗೆ ಬಂದಳು. ತಾಳಿಯ ಕರಿಮಣಿ, ಅವಳ ಹಣೆಯ ಬೆವರು, ಎಲ್ಲ ಮುಟ್ಟುವಂತಿತ್ತು.

"ಅವ್ವ ಎಲ್ಲಣ್ಣ?"

ಬಾಗಿಲಿದ್ದ ಜಾಗದ ಮೇಲೆ ಬೆರಳಿಟ್ಟೆ. ಅಲ್ಲೊಂದು ಬೂದು ಬಣ್ಣದ ಕಲೆ, ಅದರ ಪಕ್ಕ ಇನ್ನೊಂದು ಸಣ್ಣದು. ಎತ್ತಿದ ಕೈ ಇರಬೇಕು.

"ಇದಾ?" ಎಂದಳು.

ಕಂಪ್ಯೂಟರಿನಲ್ಲಿ ಸರಿಮಾಡುತ್ತೇನೆ ಎಂದೆ. ಮಸುಕು ತೆಗೆಯುವ ಹೊಸ ಸಾಫ್ಟ್‌ವೇರ್ ಒಂದು ಮುಖವನ್ನೇನೋ ಮಾಡಿಕೊಟ್ಟಿತು: ತಿದ್ದಿದ ಹುಬ್ಬು, ನೆರಿಗೆಯಿಲ್ಲದ ಕೆನ್ನೆ. ಅವಳು ಬಹಳ ಹೊತ್ತು ನೋಡಿದಳು.

"ಇದ್ಯಾರೋ ಬೇರೆಯವ್ರು. ಅಳಿಸಿಬಿಡ್ರಿ. ಆ ಮಬ್ಬಾಗಿರೋದೇ ಇರ್ಲಿ, ಅದಾದ್ರೂ ನಮ್ಮವ್ವಂದು."

ದುಬಾರಿ ಲೆನ್ಸ್ ಕೊಳ್ಳಬಹುದೇ ಎಂದು ಹೊಸಬರು ಈಗಲೂ ಕೇಳುತ್ತಾರೆ. ಒಳ್ಳೆಯ ಲೆನ್ಸು ಎನ್ನುತ್ತೇನೆ, ಸುಳ್ಳಲ್ಲ. ಅದು ಯಾವುದಕ್ಕೆ ಹೆಸರಾಗಿತ್ತೋ ಅದನ್ನೇ ಮಾಡಿತು. ಮುಹೂರ್ತದ ಹೊತ್ತಿಗೆ ಮಾತ್ರ ನಾನೀಗ ಹಳೆಯ ಜೂಮ್ ಹಾಕುತ್ತೇನೆ.

ತಾಯಿ ಈ ವರ್ಷ ತೀರಿಕೊಂಡರು. ಮಗಳು ಆಗಾಗ ಫೋನ್ ಮಾಡಿ, "ಅವ್ವ ಹೆಂಗೆ ನಿಂತಿದ್ಲು, ಇನ್ನೊಂದ್ಸಲ ಹೇಳ್ರಣ್ಣ" ಎನ್ನುತ್ತಾಳೆ. ಇಲ್ಲಿ ಬರೆದಷ್ಟನ್ನೇ ಹೇಳುತ್ತೇನೆ, ಏನನ್ನೂ ಸೇರಿಸುವುದಿಲ್ಲ. ತಾಳಿ ಕಟ್ಟುವಾಗ ಅವಳು ತಲೆ ಬಗ್ಗಿಸಿ ಕೂತಿದ್ದಳು, ವರನ ಕಣ್ಣು ಗಂಟಿನ ಮೇಲಿತ್ತು, ಇಬ್ಬರೂ ತಾಯಿಯನ್ನು ನೋಡಲಿಲ್ಲ. ಆಗ ನೋಡಿದವರು, ನನಗೆ ತಿಳಿದಂತೆ, ಲೈಟ್ ಹಿಡಿದಿದ್ದ ನನ್ನ ಗೆಳೆಯ, ಬಾಗಿಲೊಳಗೆ ಅಕ್ಷತೆಯ ತಟ್ಟೆ ಹಿಡಿದು ನಿಂತಿದ್ದ ಅವಳ ಕುಕ್ಕುವಾಡದ ಚಿಕ್ಕಮ್ಮ, ಮತ್ತು ನಾನು.