ಕಲ್ಲಿನ ರಾಡಿ, ತೊಗರಿ ಹೊಟ್ಟು

ತೆಲಂಗಾಣ ಬೇಕೆಂದು ಊರಿಗೆ ಊರೇ ಬೀದಿಗಿಳಿದಿದ್ದ ವರ್ಷಗಳಲ್ಲಿ ನಾನು ನಾರಾಯಣಖೇಡ್ ಡಿಪೋದಲ್ಲಿ ಬಸ್ ಕಂಡಕ್ಟರ್ ಆಗಿದ್ದೆ. ದೊಡ್ಡ ಸಮ್ಮೆ ಶುರುವಾದಾಗ ನಮ್ಮ ಬಸ್ಸುಗಳೆಲ್ಲ ನಿಂತವು. ಮೊದಲ ವಾರ ಡಿಪೋ ಗೇಟಿನ ಮುಂದೆ ಟೆಂಟಿನಡಿ ಕೂತು ಘೋಷಣೆ ಕೂಗಿದೆ. ಎರಡನೆಯ ವಾರ ಗಂಟಲು ಕಟ್ಟಿತು. ತಾಂಡೂರಿನಲ್ಲಿದ್ದ ಅಕ್ಕನನ್ನು ನೋಡಿ ಬರೋಣವೆಂದು ಹೊರಟೆ. ಸಿಕ್ಕ ಟಮ್‌ಟಮ್ ಆಟೊ ಹತ್ತಿ, ಜಹೀರಾಬಾದಿನಲ್ಲಿ ಮೂರು ತಾಸು ಕಾದು, ಅಲ್ಲಿಂದ ಜೀಪಿನ ಹಿಂದೆ ಜೋತುಬಿದ್ದು ಸಂಜೆಗೆ ಮುಟ್ಟಿದೆ.

ಅಕ್ಕ ಬಹಳ ವರ್ಷಗಳಿಂದ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ರಾಡಿ ಹೊರುತ್ತಿದ್ದಳು. ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ನೀರು ಬಿಟ್ಟು ಉಜ್ಜುವಾಗ ಇಳಿಯುವ ಬೂದುಬಣ್ಣದ ಕೆಸರು ಅದು. ಅದನ್ನು ಊರಾಚೆ ಸುರಿದು ಸುರಿದು ಗುಡ್ಡವೇ ಆಗಿತ್ತು. ಒಣಗಿದರೆ ಗಾಳಿಗೆ ಹಾರಿ ಬೇವಿನ ಎಲೆಗಳ ಮೇಲೆ, ಹೊರಗಿಟ್ಟ ಕೊಡಗಳ ಮೇಲೆ, ಆಡುವ ಮಕ್ಕಳ ರೆಪ್ಪೆಗಳ ಮೇಲೆ ಕೂರುತ್ತಿತ್ತು. ನಾನು ಆ ದಾರಿಯಲ್ಲಿ ಡ್ಯೂಟಿಗೆ ಹೋದಾಗಲೆಲ್ಲ ಕಿಟಕಿ ಮುಚ್ಚಿಸುತ್ತಿದ್ದೆ. ಆ ರಾಡಿ ಯಾವುದಕ್ಕಾದರೂ ಉಪಯೋಗಕ್ಕೆ ಬಂದೀತು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಆ ಸಲ ಅಕ್ಕ ಕಾರ್ಖಾನೆಯಲ್ಲಿರಲಿಲ್ಲ. ರಸ್ತೆಯಾಚೆ ಒಂದು ತಗಡಿನ ಶೆಡ್ಡಿನಲ್ಲಿ ಮೊಣಕೈತನಕ ಬೂದಿಯಂಥ ಕೆಸರು ಮೆತ್ತಿಕೊಂಡು ನಿಂತಿದ್ದಳು.

"ಇಲ್ಲೇನ್ ಮಾಡಾಕತ್ತೀಯಕ್ಕಾ?"

"ಅದೇ ರಾಡಿ ಹೊರಾದು ತಮ್ಮಾ. ಮೊದಲು ಚೆಲ್ಲಾಕ ಹೊರ್ತಿದ್ದೆ, ಈಗ ತರಾಕ ಹೊರ್ತೀನಿ," ಎಂದು ನಕ್ಕಳು.

ಶೆಡ್ಡನ್ನು ಬಾಡಿಗೆಗೆ ಹಿಡಿದವಳು ಪಾಲಿಟೆಕ್ನಿಕ್ ಓದಿದ, ಜಹೀರಾಬಾದ್ ಕಡೆಯ ಒಬ್ಬ ಯುವತಿ. ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ಒಣಗಿದ ರಾಡಿಗೆ ಸುಣ್ಣ, ಸಿಮೆಂಟು ಬೆರೆಸಿ ಇಟ್ಟಿಗೆ ಮಾಡುವುದು ಅವಳ ಕೆಲಸ. ಸಮ್ಮೆಯಿಂದಾಗಿ ಸಿಮೆಂಟಿನ ಲಾರಿ ಬರುವುದು ನಿಂತಿತ್ತು. ಬರೀ ಸುಣ್ಣ ಹಾಕಿ ಮಾಡಿದ ಇಟ್ಟಿಗೆಗಳು ಮೂರನೆಯ ದಿನಕ್ಕೆ ಬಿರುಕು ಬಿಡುತ್ತಿದ್ದವು. ಮರುದಿನ ಬೆಳಿಗ್ಗೆ ನಾನು ಹೋದಾಗ ಅವಳು ಒಡೆದ ಇಟ್ಟಿಗೆಗಳ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬಿರುಕುಗಳನ್ನು ಬೆರಳಿನಿಂದ ಸವರುತ್ತಿದ್ದಳು.

ಅಕ್ಕ ಒಂದು ಒಡೆದ ಇಟ್ಟಿಗೆ ಎತ್ತಿ ನೋಡಿದಳು. ಆಮೇಲೆ ಹಿಂಜರಿಯುತ್ತ ಬಾಯಿ ಬಿಟ್ಟಳು.

"ಮೇಡಂ, ಸಿಟ್ಟಾಗಬ್ಯಾಡ್ರಿ. ನಮ್ಮವ್ವ ಗ್ವಾಡಿ ಮೆತ್ತುವಾಗ ಮಣ್ಣಿಗಿ ಹೊಟ್ಟು ಹಾಕ್ತಿದ್ಲು. ಇಲ್ಲಂದ್ರ ಗ್ವಾಡಿ ಸೀಳ್ತದ ಅಂತಿದ್ಲು. ಇದಕ್ಕೂ ಹಾಕಿ ನೋಡಮೇನ್ರಿ?"

ಮೇಡಂ ತಲೆ ಎತ್ತಿದಳು. "ಯಾವ ಹೊಟ್ಟಕ್ಕಾ? ಎಲ್ಲಿ ಸಿಗ್ತದ?"

ತೊಗರಿ ಬೇಳೆ ಮಿಲ್ಲುಗಳ ಊರಿನಲ್ಲಿ ಹೊಟ್ಟಿಗೆ ಬರವೇ? ಒಳ್ಳೆಯದೆಲ್ಲ ದನಗಳಿಗೆ ಹೋಗುತ್ತಿತ್ತು. ಮಳೆಗೆ ನೆನೆದು ಮುಗ್ಗಲು ಹಿಡಿದು, ದನವೂ ಮೂಸದ ಹೊಟ್ಟು ಮಿಲ್ಲಿನ ಹಿಂದೆ ರಾಶಿ ಬಿದ್ದಿತ್ತು. ನಾನೂ ಅಕ್ಕನೂ ಎರಡು ದಿನ ಅದನ್ನು ಹೊತ್ತು ತಂದು ಬಿಸಿಲಿಗೆ ಹರವಿದೆವು. ಅಕ್ಕ ಕೈಯಲ್ಲೇ ಕಲಸಿದಳು. ಒಂದು ಬುಟ್ಟಿ ಹೊಟ್ಟು ಹಾಕುವಳು, ಮುಷ್ಟಿಯಲ್ಲಿ ಹಿಂಡಿ ನೋಡುವಳು, ತಲೆಯಾಡಿಸಿ ಇನ್ನೊಂದು ಹಿಡಿ ಹಾಕುವಳು. ಮೇಡಂ ಪಕ್ಕದಲ್ಲಿ ನಿಂತು ಪ್ರತಿ ಬುಟ್ಟಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಇಟ್ಟಿಗೆ ಹಾಕಿದ ಮೂರನೆಯ ದಿನ ಯಾರೂ ಕರೆಯದೆಯೇ ಎಲ್ಲರೂ ಶೆಡ್ಡಿಗೆ ಬಂದೆವು. ಬಿರುಕಿರಲಿಲ್ಲ. ಎರಡು ವಾರ ಕಳೆದು ಮತ್ತೆ ನೋಡಿದಾಗಲೂ ಇರಲಿಲ್ಲ. ಕಲ್ಲಿನದಲ್ಲವೇ ಎಂದು ಮೈಯೆಲ್ಲ ಬಿಗಿಹಿಡಿದು ಒಂದು ಇಟ್ಟಿಗೆ ಎತ್ತಿದೆ. ಅದು ಎಷ್ಟು ಹಗುರವಾಗಿತ್ತೆಂದರೆ ನನ್ನ ಕೈ ತಾನಾಗಿ ಮೇಲಕ್ಕೆ ಹಾರಿತು. ಅಕ್ಕ ಅದನ್ನು ಕಸಿದುಕೊಂಡು ತಲೆಮಟ್ಟದಿಂದ ನೆಲಕ್ಕೆ ಬಿಟ್ಟಳು. ಒಂದು ಮೂಲೆ ಚೂರಾಯಿತು, ಅಷ್ಟೇ. ಮೇಡಂಗೆ ನಗು, ಅಳು ಒಟ್ಟಿಗೇ ಬಂತು. ನಾನಂತೂ ದಂಗಾಗಿ ನಿಂತೆ. ಎಸೆದ ಕಲ್ಲಿನ ಹುಡಿ, ಎಸೆದ ಹೊಟ್ಟು ಸೇರಿ ನನ್ನ ಕಣ್ಣೆದುರಿಗೇ ಗೋಡೆಯಾಗಲು ಸಿದ್ಧವಾಗಿದ್ದವು.

ಸಮ್ಮೆ ಮುಗಿದು ಬಸ್ಸು ಓಡತೊಡಗಿದ ಮೇಲೆ ನನ್ನ ಕಾಲಬಳಿ ಗೋಣಿಚೀಲದಲ್ಲಿ ಯಾವಾಗಲೂ ಒಂದೆರಡು ಇಟ್ಟಿಗೆ ಇರುತ್ತಿದ್ದವು. ಕೇಳಿದವರಿಗೆಲ್ಲ ಎತ್ತಿ ನೋಡಲು ಕೊಡುತ್ತಿದ್ದೆ. ಹಾಗೆ ಒಂದು ದಿನ ಜಹೀರಾಬಾದ್ ಹತ್ತಿರ ಸಿರಿಧಾನ್ಯ ಬೆಳೆಯುವ ಸಂಘದ ಮುದುಕಿಯೊಬ್ಬಳು ಇಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಇಳಿಯುವ ತನಕ ಕೊಡಲಿಲ್ಲ.

"ಬಿಸಿಲಾಗ ಕುಂತೀವಿ, ಇದು ಇನ್ನಾ ತಣ್ಣಗೇ ಅದ ನೋಡ್ರಿ," ಎಂದಳು. "ನಮ್ಮ ಬೀಜದ ಖೋಲಿ ತಗಡಿಂದು. ಬ್ಯಾಸಗಿಗಿ ಕುದೀತದ. ಇದರಾಗ ಕಟ್ಟಾಕ ಬರ್ತದೇನ್ರಿ?"

ನಾನು ಮೇಡಂಗೆ ಸುದ್ದಿ ಮುಟ್ಟಿಸಿದೆ. ಚಳಿಗಾಲದಲ್ಲಿ ಇಟ್ಟಿಗೆ ಹೋದವು, ಗಿಲಾವು ಮಾಡಲು ಅಕ್ಕನೂ ಹೋದಳು. ಮುಂದಿನ ಬೇಸಿಗೆಯಲ್ಲಿ ರಜೆ ಹಾಕಿ ಆ ಬೀಜದ ಕೋಣೆ ನೋಡಲು ನಾನೂ ಹೋದೆ. ಹೊರಗೆ ಚಪ್ಪಲಿಯಿಲ್ಲದೆ ನಿಲ್ಲಲಾಗದಂಥ ಬಿಸಿಲು. ಬಾಗಿಲು ದಾಟಿದ ಕೂಡಲೇ ಹೊಲದ ಬಾವಿಯ ಮೆಟ್ಟಿಲು ಇಳಿದ ಹಾಗೆ ಮೈ ತಣ್ಣಗಾಯಿತು. ಸಾಲು ಸಾಲಾಗಿ ಜೋಳ, ನವಣೆ, ಸಜ್ಜೆಯ ಬೀಜದ ಗಡಿಗೆಗಳು. ಒಳಗೆ ಬಂದವರೆಲ್ಲ ತಾವಾಗಿಯೇ ದನಿ ತಗ್ಗಿಸುತ್ತಿದ್ದರು. ನಾನು ಅಂಗೈಯನ್ನು ಗೋಡೆಗೆ ಒತ್ತಿ ಬಹಳ ಹೊತ್ತು ತೆಗೆಯಲಿಲ್ಲ.

ತಾಂಡೂರಿನ ಗುಡ್ಡವೇನೂ ಕರಗಲಿಲ್ಲ. ಒಂದು ಶೆಡ್ಡು ರಾಡಿ ತಿಂದರೆ ಹತ್ತು ಕಾರ್ಖಾನೆ ತಂದು ಸುರಿಯುತ್ತಿದ್ದವು. ಆದರೆ ಅಕ್ಕ ಮತ್ತೆ ಪಾಲಿಶ್ ಕಾರ್ಖಾನೆಗೆ ಹೋಗಲಿಲ್ಲ. ಶೆಡ್ಡಿನಲ್ಲಿ ಕಲಸುವ ಕೆಲಸಕ್ಕೆ ಅವಳೇ ಮುಖ್ಯಸ್ಥೆಯಾದಳು. ಹೊಸದಾಗಿ ಸೇರಿದವರು ಯಾರಾದರೂ ಅಳತೆ ಕೇಳಿದರೆ ಮೇಡಂ ನೋಟ್‌ಬುಕ್ ತೆಗೆಯುತ್ತಿರಲಿಲ್ಲ.

"ನನಗ್ಯಾಕ ಕೇಳ್ತೀರಿ? ಅಕ್ಕಾವ್ರಿಗಿ ಕೇಳ್ರಿ," ಎನ್ನುತ್ತಿದ್ದಳು.