ಡ್ರಿಲ್ ಟೀಚರಮ್ಮನ ತೋಳುಗಳು

ಕಳೆದ ವಾರ ಮಗಳು ಒಂದು ದೊಡ್ಡ ಡಬ್ಬಿ ತಂದಿಟ್ಟಳು. ವಯಸ್ಸಾದ ಮೇಲೆ ನನ್ನ ಕೈಕಾಲಿನ ಮಾಂಸ ಕರಗುತ್ತಿದೆ, ದಿನಾ ಒಂದು ಲೋಟ ಪ್ರೋಟೀನ್ ಪುಡಿ ಕುಡಿಯಲಿ ಎಂದು ಡಾಕ್ಟರು ಹೇಳಿದ್ದರಂತೆ. ಅಂಗಡಿಯಲ್ಲಿ ಗೋಡೆ ತುಂಬ ಡಬ್ಬಿಗಳಿದ್ದವಂತೆ. ಮೈ ಬೆಳೆಸುವವು ಒಂದು ಕಡೆ, ಬೊಜ್ಜು ಇಳಿಸುವವು ಇನ್ನೊಂದು ಕಡೆ. ಯಾವುದನ್ನು ಆರಿಸಬೇಕೆಂದು ತಿಳಿಯದೆ ಬಹಳ ಹೊತ್ತು ನಿಂತಿದ್ದೆ ಅಂದಳು. ಬಿಸಿನೀರಿಗೆ ಪುಡಿ ಹಾಕಿ ಕದಡಿದಾಗ ಹಾಲಿನ ಪುಡಿಯ ಹಸಿಹಸಿ ಸಿಹಿ ವಾಸನೆ ಎದ್ದಿತು... ನಾನು ಲೋಟ ಹಿಡಿದು ಹಾಗೇ ಕುಳಿತುಬಿಟ್ಟೆ.

ಅದೇ ವಾಸನೆ ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಗಾಂಧಿನಗರದ ಒಂದು ಕಂಪೌಂಡಿನಲ್ಲಿ ನನ್ನ ಅಡುಗೆಮನೆಯ ಕಿಟಕಿಗೆ ದಿನಾ ಬೆಳಿಗ್ಗೆ ಬರುತ್ತಿತ್ತು. ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಡ್ರಿಲ್ ಟೀಚರಮ್ಮ ಹಾಲಿನ ಪುಡಿ ಕದಡುತ್ತಿದ್ದ ಹೊತ್ತು ಅದು.

ಆಗ ನನಗೆ ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ತವರು, ಗಂಡನ ಮನೆ ಎರಡೂ ಕುರುಗೋಡಿನಲ್ಲೇ. ನನ್ನವರು ಕಾಲುವೆ ಕೆಲಸದ ಓವರ್‌ಸಿಯರ್ ಆಗಿದ್ದರು. ಸಿರುಗುಪ್ಪದ ಕಡೆ ಕ್ಯಾಂಪಿಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮೊದಲ ಕೂಸು ಹುಟ್ಟುತ್ತಲೇ ಹೋಗಿಬಿಟ್ಟಿತ್ತು. ಕೂಸು ಹೋದರೂ ಬಾಣಂತಿಯ ಮೈ ಹಾಗೇ ಉಳಿಯಿತು, ಉಳಿದದ್ದಷ್ಟೇ ಅಲ್ಲ, ಊದುತ್ತಾ ಹೋಯಿತು. ಬಾಗಿಲು ಹಾಕಿಕೊಂಡು ಒಳಗೇ ಕೂಡುತ್ತಿದ್ದೆ. ಹೊತ್ತು ಕಳೆಯಲು ತಿನ್ನುವುದು, ತಿಂದದ್ದಕ್ಕೆ ಅಳುವುದು. ನಲ್ಲಿಗೆ ನೀರಿಗೆ ಹೋದರೆ ಮನೆಯ ಒಡತಿ ಅಜ್ಜಿ, "ಯಾಕಬೇ, ಈ ಪರಿ ದಪ್ಪ ಆಗಾಕ ಹತ್ತಿ?" ಎಂದು ಎಲ್ಲರೆದುರು ಕೇಳುತ್ತಿದ್ದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಆಮೇಲಾಮೇಲೆ ನಾನು ಯಾರೂ ಇಲ್ಲದ ಹೊತ್ತು ನೋಡಿ ನೀರು ತರತೊಡಗಿದೆ.

ಟೀಚರಮ್ಮ ಬಂದದ್ದು ಅಂಥ ದಿನಗಳಲ್ಲಿ. ಸಿರಿಗೇರಿಯವರು. ತಂದೆತಾಯಿ ಇರಲಿಲ್ಲ, ಒಬ್ಬ ಅಣ್ಣ ಊರಲ್ಲಿ ಹೊಲ ನೋಡಿಕೊಂಡಿದ್ದ. ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಡ್ರಿಲ್ ಮಾಡಿಸುವ ಕೆಲಸ. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಎತ್ತರದ ಆಳು, ಅಗಲ ಭುಜ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಟ್ರಂಕು, ಹಾಸಿಗೆ ಎರಡನ್ನೂ ತಾವೇ ಹೊತ್ತು ಒಳಗೆ ತಂದರು. ಜಟಕಾದವನು ಸುಮ್ಮನೆ ನೋಡುತ್ತ ನಿಂತಿದ್ದ.

ಮರುದಿನ ಬೆಳಕು ಹರಿಯುವಾಗ ಹಿಂದಿನ ಬಯಲಿನಿಂದ ಧಪ್ಪೆಂಬ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಮತ್ತೆ ಧಪ್. ಕಿಟಕಿಯಿಂದ ನೋಡಿದರೆ ಟೀಚರಮ್ಮ ಕಬ್ಬಿಣದ ಗುಂಡನ್ನು ಕುತ್ತಿಗೆಗೆ ಒತ್ತಿ ಹಿಡಿದು, ಗರಕ್ಕನೆ ತಿರುಗಿ ಎಸೆಯುತ್ತಿದ್ದರು. ಎಸೆದು, ನಡೆದುಹೋಗಿ ಎತ್ತಿಕೊಂಡು, ಮತ್ತೆ ಬಂದು ನಿಲ್ಲುತ್ತಿದ್ದರು. ಗುಂಡು ಎಸೆತದಲ್ಲಿ ಅವರು ಜಿಲ್ಲೆಗೇ ಮುಂದಿದ್ದರಂತೆ. ಆ ವರ್ಷ ಶಿಕ್ಷಕಿಯರ ರಾಜ್ಯ ಮಟ್ಟದ ಆಟಕ್ಕೆ ಹೋಗಿ ಗೆಲ್ಲಬೇಕೆಂಬುದು ಅವರ ಆಸೆ. ಅದಕ್ಕೆ ತೋಳಿನಲ್ಲಿ ಇನ್ನಷ್ಟು ಕಸುವು ಬೇಕಿತ್ತು.

ಗೆಳೆತನ ಹೇಗೆ ಶುರುವಾಯಿತೋ ಈಗ ಸರಿಯಾಗಿ ನೆನಪಿಲ್ಲ... ಹಾಲಿನ ಪುಡಿಗೆ ಬಿಸಿನೀರು ಕೇಳಲು ಬಂದಿದ್ದರೆಂದು ಕಾಣುತ್ತದೆ. ಆದರೆ ಅಂಗಡಿಗೆ ಹೋದದ್ದು ಮಾತ್ರ ನಿನ್ನೆ ನಡೆದಂತಿದೆ. "ನಡಿ ತಂಗಿ, ಪ್ಯಾಟಿಗೆ ಹೋಗಿ ಬರೂಣು. ಎಷ್ಟಂತ ಒಳಗ ಕುಂದರ್ತಿ?" ಎಂದು ಕೈಹಿಡಿದು ಎಳೆದುಕೊಂಡು ಹೋದರು. ಔಷಧಿ ಅಂಗಡಿಯವನು ತೆಲುಗು ಬೆರೆಸಿ ಮಾತಾಡುತ್ತಿದ್ದ. ಮೈ ಬೆಳೆಯಲು ಏನಿದೆ ಎಂದು ಟೀಚರಮ್ಮ ಕೇಳಿದರು. ಅವನು ಪೈಲ್ವಾನನ ಚಿತ್ರವಿದ್ದ ಒಂದು ತಗಡಿನ ಡಬ್ಬಿ ಇಳಿಸಿದ.

"ಯಾರಿಗಮ್ಮಾ? ಮೀ ಆಯನಕಾ? ನಿಮ್ಮ ಯಜಮಾನ್ರಿಗಾ?"

"ನನಗ್ರಿ."

ಅವನ ಕೈ ಡಬ್ಬಿಯ ಮೇಲೇ ನಿಂತಿತು. ಆಮೇಲೆ ನನ್ನತ್ತ ತಿರುಗಿ, ಯಾರೂ ಕೇಳದೆಯೇ, ಬೊಜ್ಜು ಇಳಿಸುವ ಮಾತ್ರೆಯ ಪಟ್ಟಿಯೊಂದನ್ನು ಮುಂದೆ ಸರಿಸಿದ. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಟೀಚರಮ್ಮ ಆ ಪಟ್ಟಿಯನ್ನು ಅವನ ಕಡೆಗೇ ನೂಕಿ, "ಆಕಿ ಕೇಳ್ಯಾಳೇನ್ರಿ ನಿಮ್ಮನ್ನ?" ಅಂದರು. ದಾರಿಯುದ್ದಕ್ಕೂ ಅವನ ಮುಖ ಅಣಕಿಸಿ ತೋರಿಸಿದರು. ಕೂಸು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಪೈಲ್ವಾನನ ಡಬ್ಬಿ ಏನೂ ಮಾಡಲಿಲ್ಲ. ಹೊಟ್ಟೆ ಕೆಡಿಸಿತು, ಅಷ್ಟೆ. ಅದು ಮುಗಿದ ಮೇಲೆ ನಾವಿಬ್ಬರೂ ಕೂಡಿ ನಮ್ಮದೇ ಪುಡಿ ಮಾಡಿದೆವು. ಹುರಿದ ಶೇಂಗಾ, ಪುಟಾಣಿ ಎನ್ನುವ ಹುರಿಗಡಲೆ, ಮೊಳಕೆ ಬರಿಸಿ ಒಣಗಿಸಿದ ಹೆಸರು, ಹಾಲಿನ ಪುಡಿ, ಒಂದಿಷ್ಟು ಬೆಲ್ಲ. ಒರಳಿನಲ್ಲಿ ಅವರು ಕುಟ್ಟುತ್ತಿದ್ದರು, ನಾನು ಜರಡಿ ಹಿಡಿಯುತ್ತಿದ್ದೆ. ಅದರಿಂದ ಅವರ ತೋಳು ಬೆಳೆಯಿತೋ, ದಿನಾ ಗುಂಡು ಎಸೆದದ್ದರಿಂದಲೋ... ಬೆಳೆದದ್ದಂತೂ ನಿಜ. ಒಂದೊಂದು ದಿನ ಬೆಳಿಗ್ಗೆ ಗುಂಡು ಬಿದ್ದಲ್ಲಿ ಕಡ್ಡಿ ನೆಟ್ಟು ಬಾ ಎಂದು ನನ್ನನ್ನೂ ಬಯಲಿಗೆ ಕರೆಯುತ್ತಿದ್ದರು. ಕಡ್ಡಿ ಮುಂದೆ ಸರಿದ ದಿನ ಇಬ್ಬರಿಗೂ ಹಬ್ಬ.

ಅಷ್ಟರಲ್ಲಿ ಕುರುಗೋಡಿನಿಂದ ಅತ್ತೆ ಒಂದು ಪೊಟ್ಟಣ ಕಳಿಸಿದರು. ಸಂತೆಯಲ್ಲಿ ಯಾರೋ ಮಾರುತ್ತಿದ್ದ ಬೊಜ್ಜು ಕರಗಿಸುವ ಪುಡಿ. ಬೆಳಿಗ್ಗೆ ಸಂಜೆ ಮಜ್ಜಿಗೆಯಲ್ಲಿ ಕುಡಿಯಬೇಕು, ಬೇರೇನೂ ತಿನ್ನಬಾರದು. ಟೀಚರಮ್ಮನಿಗೆ ಹೇಳದೆ ಕುಡಿದೆ. ಬರೀ ಭೇದಿ. ಮೈ ಇಳಿಯುತ್ತಿದೆ ಎಂದು ಸಂತೋಷಪಟ್ಟು ಮತ್ತೆ ಕುಡಿದೆ. ಬಳ್ಳಾರಿಯ ಬೇಸಿಗೆ ಬೇರೆ. ಒಂದು ಮಧ್ಯಾಹ್ನ ನಲ್ಲಿಯ ಹತ್ತಿರ ಕೊಡಕ್ಕೆ ಬಗ್ಗಿದವಳು ಹಾಗೇ ಬಿದ್ದುಬಿಟ್ಟೆ.

ಕಣ್ಣು ಬಿಟ್ಟಾಗ ನೆಲ ನನ್ನ ಕೆಳಗಿರಲಿಲ್ಲ. ಟೀಚರಮ್ಮ ನನ್ನನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಬೀದಿಗೆ ನಡೆಯುತ್ತಿದ್ದರು. ಅಷ್ಟು ದಪ್ಪ ಮೈ ನನ್ನದು, ಅವರು ಏದುಸಿರು ಕೂಡ ಬಿಡುತ್ತಿರಲಿಲ್ಲ. "ಇಳಸ್ರಿ, ಭಾರ ಅದೀನಿ..." ಎಂದೆನಂತೆ. "ಸುಮ್ಮನಿರಲೇ ಹುಚ್ಚಿ," ಅಂದರು. ಅವರ ಕುತ್ತಿಗೆಯಲ್ಲಿ ಗುಂಡು ಒತ್ತಿ ಒತ್ತಿ ಕಪ್ಪಾದ ಗುರುತು ನನ್ನ ಕಣ್ಣಿಗೆ ಅಷ್ಟು ಹತ್ತಿರವಿತ್ತು. ಸಣ್ಣವಳಿದ್ದಾಗ ಅಪ್ಪ ಎತ್ತಿಕೊಂಡದ್ದು ಬಿಟ್ಟರೆ ನನ್ನನ್ನು ಯಾರೂ ಹಾಗೆ ಎತ್ತಿರಲಿಲ್ಲ. ಜಟಕಾ ಸಿಕ್ಕಿ, ಆಸ್ಪತ್ರೆಗೆ ಹೋಗಿ, ಪುಡಿಯ ವಿಷಯ ಬಾಯಿಬಿಟ್ಟು, ಗ್ಲೂಕೋಸ್ ಬಾಟಲಿ ಏರಿಸಿಕೊಂಡು ನಾನು ಮನೆಗೆ ಬರುವಷ್ಟರಲ್ಲಿ ಅವರು ಆ ಪೊಟ್ಟಣವನ್ನು ಹುಡುಕಿ ಚರಂಡಿಗೆ ಸುರಿದಿದ್ದರು. ಬೈಯಲಿಲ್ಲ. ಗಂಜಿಯ ಬಟ್ಟಲು ಹಿಡಿದು, "ಉಣ್ಣು. ಉಂಡು ನನ್ನ ಜೋಡಿ ಬಯಲಿಗೆ ಬಂದು ನಡಿ. ಇಳಿದ್ರ ಇಳೀಲಿ, ಇಲ್ಲಂದ್ರ ಇರ್ಲಿ," ಅಂದರು.

ಸ್ವಲ್ಪ ದಿನಕ್ಕೆ ಒಡತಿ ಅಜ್ಜಿಗೆ ಹಿತ್ತಲಿನಲ್ಲಿ ಮೊಟ್ಟೆಯ ಸಿಪ್ಪೆ ಸಿಕ್ಕಿತು. ಲಿಂಗಪೂಜೆಯಿಲ್ಲದೆ ನೀರು ಮುಟ್ಟದ ಮುದುಕಿ. ಅಂಗಳದ ನಡುವೆ ಬಂದು ನಿಂತರು. "ಯಾರು? ನನ್ನ ಮನ್ಯಾಗ ಇದನ್ನ ತಿಂದೋರು ಯಾರು?" ಟೀಚರಮ್ಮ ಬಾಯಿ ತೆರೆಯುವ ಮೊದಲೇ ನಾನು, "ನಾನ್ರಿ ಅಜ್ಜಿ. ಆಸ್ಪತ್ರಿಯಾಗ ಹೇಳ್ಯಾರ," ಅಂದುಬಿಟ್ಟೆ. ನಾನೂ ಅವರ ಪೈಕಿಯವಳೇ, ಮೊಟ್ಟೆ ಮುಟ್ಟಿದವಳೇ ಅಲ್ಲ. ಅಜ್ಜಿ ನನ್ನ ಮುಖ ನೋಡಿದರು. ಸತ್ತ ಕೂಸು ನೆನಪಾಗಿರಬೇಕು. "ಔಷಧ ಅಂದ್ರ ಔಷಧ ಅನ್ಕೋತೀನಿ. ನನ್ನ ಕಣ್ಣಿಗೆ ಬೀಳಬಾರ್ದು," ಎಂದು ಒಳಗೆ ಹೋದರು. ಅಲ್ಲಿಂದ ಮುಂದೆ ಹಿತ್ತಲಿನ ಇಟ್ಟಿಗೆ ಒಲೆಯ ಮೇಲೆ ನನ್ನ ಹೆಸರಿನಲ್ಲಿ ಮೊಟ್ಟೆ ಬೇಯುತ್ತಿತ್ತು, ಟೀಚರಮ್ಮ ತಿನ್ನುತ್ತಿದ್ದರು.

ಆಟಕ್ಕೆ ಇನ್ನು ಕೆಲವೇ ತಿಂಗಳು ಎನ್ನುವಾಗ ಸಿರಿಗೇರಿಯಿಂದ ಅವರ ಅಣ್ಣ ಒಂದು ಸಂಬಂಧ ತಂದ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ವರ, ಮನೆಯಲ್ಲಿ ತಾಯಿ ಒಬ್ಬಳೇ. ಹೆಣ್ಣು ನೋಡಲು ಬರುವ ದಿನ ಅಣ್ಣ ತಂಗಿಯ ತೋಳು ನೋಡಿ, "ಇದನ್ನ ಮುಚ್ಕೋ," ಅಂದ. ಅವರ ತೋಳಿಗೆ ಹಿಡಿಸುವ ಉದ್ದ ತೋಳಿನ ರವಿಕೆ ಆ ಕಂಪೌಂಡಿನಲ್ಲಿ ನನ್ನದೊಂದೇ ಇತ್ತು. ಅದನ್ನೇ ಹಾಕಿಕೊಂಡು ಕುಳಿತರು. ವರ ಹೆಚ್ಚು ಮಾತಾಡಲಿಲ್ಲ. ಚಹಾ ಕುಡಿದು, ಅಜ್ಜಿಗೆ ನಮಸ್ಕಾರ ಮಾಡಿ ಹೋದ.

ಒಂದು ವಾರದ ಮೇಲೆ ಅಣ್ಣ ಮತ್ತೆ ಬಂದು ಹೊಸ್ತಿಲ ಮೇಲೆ ಕುಳಿತ. "ಅವ್ರಿಗೆ ಹುಡುಗಿ ಒಪ್ಪಿಗಿ ಐತಿ. ಆದ್ರ ಗಂಡಸಿನಂಗ ಅದಾಳ ಅಂತಾರ. ಗುಂಡು ಬಿಡಬೇಕಂತ, ಮೈ ಇಳಸಬೇಕಂತ. ಆಮ್ಯಾಲ ಮುಹೂರ್ತ ಇಡ್ತಾರಂತ."

ಟೀಚರಮ್ಮ ಅವನಿಗೆ ಚಹಾ ಕೊಟ್ಟು ಕಳಿಸಿದರು. ಅವನು ಹೋದ ಮೇಲೆ ನನ್ನ ಅಡುಗೆಮನೆಗೆ ಬಂದು, ತಲೆ ತಗ್ಗಿಸಿ ಕೇಳಿದರು: "ತಂಗಿ, ನಿಮ್ಮತ್ತಿ ಕಳಿಸಿದ ಆ ಪುಡಿ... ಎಲ್ಲಿ ಸಿಗತೈತಿ?"

ನಾನು ಬೆಚ್ಚಿಬಿದ್ದೆ. ಹೇಳುವುದಿಲ್ಲ ಅಂದೆ. ಆಟ ಮುಗಿಯಲಿ, ಇಂಥ ವರ ಬೇಡವೇ ಬೇಡ ಅಂದೆ. ಅವರು ಗೋಡೆಗೆ ಒರಗಿ ಕುಳಿತರು. ಆಮೇಲೆ ಅಂದರು: "ನಿಂಗ ನಿಮ್ಮನಿಯವ್ರು ವಾರಕ್ಕಲ್ಲದಿದ್ರ ತಿಂಗಳಿಗೆ ಬರ್ತಾರ. ನಂಗ ಯಾರು ಬರ್ತಾರ? ಒಬ್ಬಾಕಿನ ಇದ್ದು ಇದ್ದು ಸಾಕಾಗೈತಿ. ಗೆದ್ದು ಬಂದ್ರೂ ಆ ಬಹುಮಾನದ ಕಪ್ಪು ಯಾರಿಗೆ ತೋರಸ್ಲಿ?" ನನಗೆ ತೋರಿಸ್ರಿ ಎಂದೆ. ನಕ್ಕು, ನನ್ನ ಕೆನ್ನೆ ತಟ್ಟಿ ಎದ್ದುಹೋದರು.

ಪುಡಿ ಸಿಗದಿದ್ದರೂ ಉಪವಾಸ ಇದ್ದೇ ಇತ್ತಲ್ಲ. ಒಂದು ರೊಟ್ಟಿ, ಹುರುಳಿ ಕಟ್ಟು, ಅಷ್ಟೇ. ಹಾಲಿನ ಪುಡಿಯ ಡಬ್ಬಿಯನ್ನು ನನ್ನ ಮನೆಗೆ ತಂದಿಟ್ಟರು. ಬಯಲಿನ ಸದ್ದು ನಿಂತಿತು. ಆ ಸದ್ದಿಗೆ ಎದ್ದು ಅಭ್ಯಾಸವಾಗಿದ್ದ ನಾನು ಬೆಳಗಿನ ಜಾವ ಎಚ್ಚರವಾಗಿ ಕಾಯುತ್ತಾ ಮಲಗಿರುತ್ತಿದ್ದೆ. ಆಟದ ದಿನ ಬಂತು, ಹೋಯಿತು. ಅವರು ಸಾಲೆಗೆ ಹೋಗಿ ಮಕ್ಕಳಿಗೆ ಡ್ರಿಲ್ ಮಾಡಿಸಿ ಬಂದರು. ಮದುವೆಯ ಹೊತ್ತಿಗೆ ನನ್ನ ರವಿಕೆ ಅವರ ಮೈಮೇಲೆ ಚೀಲದಂತೆ ಜೋಲುತ್ತಿತ್ತು. ಕೆಲಸ ಬಿಟ್ಟು ಸಿರುಗುಪ್ಪಕ್ಕೆ ಹೋದರು.

ಎರಡು ಮೂರು ವರ್ಷಗಳ ಮೇಲೆ ನನ್ನವರ ಜೊತೆ ಸಿರುಗುಪ್ಪಕ್ಕೆ ಹೋಗುವ ಸಂದರ್ಭ ಬಂತು. ನನ್ನ ಮಡಿಲಲ್ಲಿ ಆಗ ಮಗಳಿದ್ದಳು. ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದವರನ್ನು ಒಂದು ಕ್ಷಣ ಗುರುತಿಸಲಿಲ್ಲ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಎರಡು ಸಲ ಗರ್ಭ ನಿಂತು ಇಳಿದುಹೋಗಿತ್ತಂತೆ. ಮೈಯಲ್ಲಿ ರಕ್ತವೇ ಇಲ್ಲವೆಂದು ಡಾಕ್ಟರು ಹೇಳಿದ್ದರಂತೆ. ಮಗಳನ್ನು ಎತ್ತಿಕೊಂಡು, ಸ್ವಲ್ಪ ಹೊತ್ತಿಗೇ ಕೈ ಸೋತು ನನಗೆ ಕೊಟ್ಟರು.

ಗಂಡ ಒಳ್ಳೆಯ ಮನುಷ್ಯ. ತಾನೇ ಚಹಾ ಮಾಡಿ ತಂದ. "ಇಕಿ ಗುಂಡು ಒಗಿತಿದ್ಲಂತಲ್ರಿ. ಹೆಣ್ಣು ನೋಡಾಕ ಬಂದಾಗ ಕೇಳಬೇಕಂತಿದ್ದೆ, ಧೈರ್ಯ ಆಗ್ಲಿಲ್ಲ. ಒಗಿಯೋದು ಒಮ್ಮೆ ನೋಡಬೇಕಂತ ಭಾಳ ಇತ್ರಿ," ಎಂದ. ನಾನು ಟೀಚರಮ್ಮನ ಕಡೆ ನೋಡಿದೆ. ಅವನು ಗಿರಣಿಗೆ ಹೋದ ಮೇಲೆ ಅವರು ಮೆಲ್ಲಗೆ ಹೇಳಿದರು:

"ಇವ್ರು ಯಾರೂ ಏನೂ ಅಂದಿರ್ಲಿಲ್ಲ ತಂಗಿ. ಮೈ ಇಳಸು ಅಂತಾನೂ ಅಂದಿಲ್ಲ, ಗುಂಡು ಬಿಡು ಅಂತಾನೂ ಅಂದಿಲ್ಲ. ನಮ್ಮಣ್ಣನೇ ತಾನಾಗಿ ಹಂಗ ಹೇಳಿದ್ದು. ಸಂಬಂಧ ತಪ್ಪಿದ್ರ ಅಂತ ಅಂವಗ ಅಂಜಿಕಿ."

"ನಿಮಗ ಯಾವಾಗ ತಿಳೀತು?"

"ಮದುವಿ ಆಗಿ ತಿಂಗಳದಾಗ. ಇವ್ರು, ಗುಂಡು ತಂದಿಲ್ಲೇನು ಅಂತ ಕೇಳಿದ್ರು ನೋಡು..."

ಹೇಳುತ್ತಾ ನಕ್ಕರು. ಅಂಗಡಿಯವನನ್ನು ಅಣಕಿಸಿದಾಗಿನ ನಗುವೇ. ನನಗೆ ನಗಲಾಗಲಿಲ್ಲ. ಮತ್ತೆ ಶೇಂಗಾ ಪುಡಿ ಶುರು ಮಾಡ್ರಿ, ಮೊಟ್ಟೆ ತಿನ್ರಿ, ಇಲ್ಲಿ ಯಾರೂ ಬೇಡ ಅನ್ನೋದಿಲ್ಲ ಎಂದು ಒಂದೇ ಸಮನೆ ಹೇಳಿದೆ. "ಮಾಡ್ತೀನಿ, ಮಾಡ್ತೀನಿ," ಅಂದರು. ಬಸ್ಸಿನವರೆಗೆ ಕಳಿಸಲು ಬಂದವರು ದಾರಿಯಲ್ಲಿ ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಂಡರು.

ಆಮೇಲೆ ನನ್ನವರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ತಿರುಗಿ ಬಳ್ಳಾರಿಗೆ ಬಂದು, ಸಿರುಗುಪ್ಪಕ್ಕೆ ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು. ಮೂರನೆಯ ಬಸುರಿನಲ್ಲಿ ಟೀಚರಮ್ಮ ತೀರಿಕೊಂಡು ವರ್ಷದ ಮೇಲಾಗಿತ್ತಂತೆ. ಗಂಡ ಗಿರಣಿ ಕೆಲಸ ಬಿಟ್ಟು ತಾಯಿಯನ್ನು ಕರೆದುಕೊಂಡು ಎಲ್ಲಿಗೋ ಹೋದನಂತೆ. ಎಲ್ಲಿಗೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ... ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ಪಕ್ಕದ ಹೆಂಗಸು, "ಯಾರು ಹೋದ್ರವ್ವ, ಅಕ್ಕನಾ?" ಎಂದು ಕೇಳಿದಳು. ಹೂಂ ಅಂದೆ.

ಈಗ ನನ್ನವರೂ ಇಲ್ಲ, ಒಡತಿ ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಟೀಚರಮ್ಮ ಇದ್ದರೆಂದು ಬಲ್ಲವರು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಮೊನ್ನೆ ಸಂಜೆ ಮಗಳಿಗೆ ಹೇಳದೆ ಆಟೋ ಮಾಡಿಕೊಂಡು ಗಾಂಧಿನಗರಕ್ಕೆ ಹೋದೆ. ಕಂಪೌಂಡು ಇದ್ದಲ್ಲಿ ಗಾಜಿನ ಕಟ್ಟಡ ಎದ್ದಿದೆ, ಬಯಲೆಲ್ಲ ಮನೆ. ಗೇಟಿನೆದುರು ಎಷ್ಟು ಹೊತ್ತು ನಿಂತಿದ್ದೆನೋ, ಕಾವಲುಗಾರ ಕುರ್ಚಿಯಿಂದ ಎದ್ದು ಬಂದ.

"ಯಾರು ಬೇಕಾಗಿತ್ರಿ ಅಮ್ಮಾ?"

ಹೆಸರು ಬಾಯಿಯವರೆಗೆ ಬಂದಿತ್ತು.

"ಯಾರೂ ಇಲ್ಲಪ್ಪ," ಅಂದೆ.