ಒಣ ಹಳ್ಳದಲ್ಲಿ ಶಾಂತಾಬಾಯಿಯ ದನಿ

ದೆವ್ವ ಭೂತಗಳ ಮಾತು ಬಂದರೆ ಎದ್ದು ಹೋಗುವವರ ಪೈಕಿ ನಾನೂ ಒಬ್ಬ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಹುಮನಾಬಾದಿನಲ್ಲಿ ಕೋಣೆ ಹಿಡಿದುಕೊಂಡು, ಜಲಾನಯನ ಯೋಜನೆಯೊಂದಕ್ಕೆ ಹಳ್ಳದ ದಂಡೆಗಳ ಗಿಡಮರ ಗುರುತಿಸುವ ಕೆಲಸ ಮಾಡುತ್ತಿದ್ದೆ. ಆ ಬೇಸಿಗೆಯಲ್ಲಿ ಅವ್ವ ತೀರಿಕೊಂಡಿದ್ದಳು. ಮಣ್ಣು ಮಾಡಿ ಬಂದವನು ಮತ್ತೆ ಕೆಲಸಕ್ಕೆ ಇಳಿದೆ. ಅಳು ಬರಲಿಲ್ಲ. ಹಸಿವೂ ಇರಲಿಲ್ಲ. ಮೈಯೆಲ್ಲ ಜೋಮು ಹಿಡಿದಂತೆ ದಿನಗಳು ಹೋಗುತ್ತಿದ್ದವು.

ಕೊಹಿನೂರು ಎಂಬ ಊರಿನ ಆಚೆ ಒಂದು ಒಣ ಹಳ್ಳ. ಕೆಂಪು ಮುರಂ ಮಣ್ಣು ಕೊರೆದು ಆಳಕ್ಕೆ ಇಳಿದಿತ್ತು. ತಳದಲ್ಲಿ ಕರಿ ಬಂಡೆ, ಎರಡೂ ಮಗ್ಗುಲಿಗೆ ಎಲೆ ಉದುರಿದ ಸೀತಾಫಲ, ಜಾಲಿ, ಬಾರಿಹಣ್ಣಿನ ಕಂಟಿ. ದಾರಿ ತೋರಿಸಲು ಅದೇ ಊರಿನ ಕೂಲಿಯ ಹೆಣ್ಣುಮಗಳು ಶಾಂತಾಬಾಯಿ ಬಂದಿದ್ದರು. ನಡು ಮಧ್ಯಾಹ್ನ. ನಾನು ಮುಂದೆ ಇಳಿದೆ. ಯಾವುದನ್ನು ಆಡು ತಿನ್ನುತ್ತದೆ, ಯಾವುದು ಒಲೆಗೆ ಆಗುತ್ತದೆ ಎಂದು ಹೇಳುತ್ತ ಅವರ ದನಿ ಹಿಂದೆಯೇ ಬರುತ್ತಿತ್ತು. ತಿರುಗಿ ನೋಡದೆ ಹೂಂ ಅನ್ನುತ್ತಿದ್ದೆ.

"ಉಂಡಿಯೇನಪಾ?" ಎಂದಿತು ದನಿ.

"ಹಸಿವಿಲ್ಲ" ಅಂದೆ. ಯಾವಾಗಲೂ ‘ಸರ್’ ಎನ್ನುವವರು ಹಾಗೆ ಕೇಳಿದ್ದು ಆಗ ವಿಚಿತ್ರವೆನಿಸಲಿಲ್ಲ.

ದಂಡೆ ಹತ್ತಲು ಒಂದು ಮುಳ್ಳುಕಂಟಿಯ ಕಡೆ ಕಾಲೆತ್ತಿದೆ.

"ಅಲ್ಲಿ ಕಾಲಿಡಬ್ಯಾಡ. ಈ ಕಡೆ ಬಾ."

ಪಕ್ಕಕ್ಕೆ ಸರಿದು ಮೇಲೆ ಬಂದು ನೋಡಿದರೆ ಹಳ್ಳದಲ್ಲಿ ಯಾರೂ ಇಲ್ಲ. ನಾವು ಮೊದಲು ನಿಂತಿದ್ದ ಬೇವಿನ ಗಿಡದ ಕೆಳಗೆ, ದೂರದಲ್ಲಿ, ಶಾಂತಾಬಾಯಿ ಕಾಲಿನ ಮುಳ್ಳು ತೆಗೆಯುತ್ತ ಕುಳಿತಿದ್ದರು. ಅವರ ಹತ್ತಿರ ಹೋಗಿ, ಯಾವಾಗ ಮೇಲೆ ಬಂದಿರಿ ಎಂದು ಕೇಳಿದೆ.

"ನಾ ಕೆಳಗ ಇಳದೇ ಇಲ್ರಿ ಸರ್. ನೀವು ಯಾರ ಜೋಡಿ ಮಾತಾಡಾಕತ್ತಿದ್ರಿ?"

ಅವರದೇ ದನಿ ಕೇಳಿದ್ದನ್ನು ಹೇಳಿದೆ. ಇಬ್ಬರೂ ಹೋಗಿ ಆ ಕಂಟಿಯನ್ನು ಕೋಲಿನಿಂದ ಸರಿಸಿದೆವು. ಕೆಳಗೆ ಹಾಳು ಬಾವಿ ಬಾಯಿ ತೆರೆದಿತ್ತು. ಅಲ್ಲೊಂದು ಬಾವಿ ಇರುವುದು ಶಾಂತಾಬಾಯಿಗೂ ಗೊತ್ತಿರಲಿಲ್ಲ. ಅವರು ಕಲ್ಲು ಹಾಕಿದರು. ಸಪ್ಪಳ ಬರಲು ತಡವಾಯಿತು.

ನನಗೆ ಹೆದರಿಕೆಯೂ ಆಗಲಿಲ್ಲ. ಅವ್ವನ ದನಿಯಾಗಿದ್ದರೆ ನನ್ನ ಮನಸ್ಸೇ ಹುಟ್ಟಿಸಿಕೊಂಡದ್ದೆಂದು ಸುಮ್ಮನಾಗುತ್ತಿದ್ದೆ. ಅದು ಅವ್ವನದಲ್ಲ, ಶಾಂತಾಬಾಯಿಯದೇ. ಅವರು ಗಂಟು ಬಿಚ್ಚಿ ಜೋಳದ ರೊಟ್ಟಿ ಕೈಗಿಟ್ಟರು. ತಿಂದೆ. ರುಚಿ ತಿಳಿಯಲಿಲ್ಲ.

ಕೆಲವು ವರ್ಷಗಳ ಮೇಲೆ ಮಾಣಿಕನಗರದಲ್ಲಿ ಆಟೊಗೆ ಕಾಯುತ್ತ ನಿಂತಿದ್ದಾಗ, ಅದಕ್ಕೇ ಕಾಯುತ್ತಿದ್ದ ಅವರು ಸಿಕ್ಕರು. ಆ ಹಳ್ಳದ ಕಡೆ ಹೋಗುವುದನ್ನೇ ಬಿಟ್ಟಿದ್ದರಂತೆ.

"ನೀವು ಉಳದ್ರಿ, ಚಲೋ ಆತು," ಎಂದರು. "ಆದ್ರ ನಾ ಮ್ಯಾಲ ಕುಂತಿದ್ದೆ. ನನ್ನ ದನಿ ಕೆಳಗ ಹ್ಯಾಂಗ ಹೋತ್ರಿ?"

ಅಷ್ಟು ವರ್ಷ ನಾನು ನನ್ನ ಕಡೆಯಿಂದಷ್ಟೇ ಯೋಚಿಸಿದ್ದೆ. ಆಟೊ ಬಂತು. ಶಾಂತಾಬಾಯಿ ಹತ್ತಲಿಲ್ಲ. ನಾನೇನಾದರೂ ಹೇಳಬಹುದೆಂದು ಮುಖ ನೋಡುತ್ತ ನಿಂತೇ ಇದ್ದರು.